ಕಬ್ಬಿನ ಟ್ರ್ಯಾಕ್ಟರ್ ಸಾಲಿನಲ್ಲಿ ನನ್ನ ಟಾಪ್ 20

ಹೋದ ಜಾತ್ರೆ ಸೀಸನ್ನಿಗೆ ನಮ್ಮ ರಸಮಂಜರಿ ತಂಡ ಹೊಸದಾಗಿ ಕೂಡಿಸಿದ್ದು, ಅಂದರೆ ಪ್ರಾಕ್ಟೀಸ್ ಮಾಡಿ ಸ್ಟೇಜಿಗೆ ತಂದದ್ದು, 11 ಹಾಡು. ಅದರಲ್ಲಿ 9ಕ್ಕೆ ಒನ್ಸ್ ಮೋರ್ ಬಿತ್ತು. ರಸಮಂಜರಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಇದೇ ನಾನು 4 ವರ್ಷದ ಹಿಂದೆ 14 ಹಾಡು ಕೂಡಿಸಿ, 10 ಹಾಡನ್ನು ಎರಡು ಜಾತ್ರೆ ಮುಗಿಯುವುದರೊಳಗೆ ಕೈಬಿಟ್ಟವನು. ಈ ನಡುವೆ ಬದಲಾಗಿದ್ದು ಒಂದೇ. ಯಾವ ಹಾಡು ಹಿಟ್ ಅಂತ ಬೇರೆಯವರ ಪಟ್ಟಿ ನೋಡುವುದನ್ನು ಬಿಟ್ಟೆ. ನನ್ನದೇ ಪಟ್ಟಿ ಶುರು ಮಾಡಿದೆ. ಅದೂ ಸಕ್ಕರೆ ಕಾರ್ಖಾನೆ ಯಾರ್ಡಿನಲ್ಲಿ, ಕಬ್ಬು ತುಂಬಿಕೊಂಡು ನಿಂತ ಟ್ರ್ಯಾಕ್ಟರ್‌ಗಳ ಸಾಲಿನಲ್ಲಿ ನಡೆದಾಡಿ.

ಮುಧೋಳ, ಜಮಖಂಡಿ ಕಡೆಯ ನಮ್ಮ ಲೈನಿನವರು ಒಂದು ವರ್ಷ ಪೂರ್ತಿ ನಕ್ಕರು. "ಅಣ್ಣಾ ಹಾಡು ಬಿಟ್ಟು ಕಬ್ಬು ತೂಗಾಕ ಹತ್ಯಾನ" ಅಂತ ಒಬ್ಬರು ಸ್ಟೇಜ್ ಹಿಂದೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡಿನ ಮಾತು. ಒಂದು ಹೊಸ ಹಾಡು ಕೂಡಿಸಲು ನನಗೆ ಹತ್ತಿರ ಹತ್ತಿರ 4,000 ಹೋಗುತ್ತಿತ್ತು. ಕೀಬೋರ್ಡಿನವರು ಟೋನ್, ರಿದಂ ಎಲ್ಲ ಸೆಟ್ ಮಾಡಲು 1,500 ತಗೋತಿದ್ದರು. ಉಳಿದದ್ದು ಹಾಡುವವರಿಗೆ, ಪ್ಯಾಡ್ ಬಾರಿಸುವವರಿಗೆ, ಪ್ರಾಕ್ಟೀಸ್ ದಿನದ ಊಟಕ್ಕೆ, ಬಸ್ ಚಾರ್ಜಿಗೆ. 10 ಹಾಡು ಬಿಟ್ಟೆ ಅಂದರೆ 40,000 ಬಿಟ್ಟೆ ಅಂತ. ಆಗ ನಮ್ಮ ಒಂದು ರಾತ್ರಿಯ ರೇಟು 55,000 ಇತ್ತು. ಎಲ್ಲರಿಗೂ ಕೊಟ್ಟ ಮೇಲೆ ನನ್ನ ಕೈಯಲ್ಲಿ ಉಳಿಯುತ್ತಿದ್ದದ್ದು 6-7 ಸಾವಿರ. ಆರು ಜಾತ್ರೆ ನಿದ್ದೆಗೆಟ್ಟು ದುಡಿದದ್ದು ಹಾಗೇ ಕರಗಿತು. ಅದು ಸಾಲದು ಅಂತ ಒಂದೂರಿನ ಕಮಿಟಿಯವರು "ಜನ ಕುಣಿಯೋ ಹಾಡು ಒಂದೂ ಬರಂಗಿಲ್ಲ ನಿಮಗ" ಅಂತ ಬಾಕಿಯಲ್ಲಿ 5,000 ಮುರಿದುಕೊಂಡರು. ಬೆಳಗಿನ ಜಾವ 3 ಗಂಟೆಗೆ ಜಗಳ ಮಾಡುವ ಶಕ್ತಿ ಯಾರಿಗಿರುತ್ತದೆ.

ಆಗ ನಾನು ನಂಬಿದ್ದು ಯೂಟ್ಯೂಬ್ ವ್ಯೂಸ್. ಕೋಟಿ ದಾಟಿದ ಹಾಡು ಅಂದರೆ ಕಣ್ಣು ಮುಚ್ಚಿ ಕೂಡಿಸುತ್ತಿದ್ದೆ. ಅಂಥ ಒಂದು ಹಾಡನ್ನು ಜಾತ್ರೆಯಲ್ಲಿ ಎತ್ತಿಕೊಂಡರೆ ಜನ ಸುಮ್ನೆ ಶೇಂಗಾ ಸುಲಿಯುತ್ತಾ ಕೂತರು. ಹುಡುಗಿ ಪಾಪ ಚೆನ್ನಾಗೇ ಹಾಡಿದಳು. ಆಮೇಲೆ ತಿಳಿದದ್ದು: ವಿಡಿಯೊವನ್ನು ಜಾಹೀರಾತಾಗಿ ಓಡಿಸಿದರೆ ಆ ವ್ಯೂಸೂ ಅದೇ ಅಂಕಿಯಲ್ಲಿ ಸೇರುತ್ತದೆ. 2019ರಲ್ಲಿ ಯೂಟ್ಯೂಬೇ ತನ್ನ ಮ್ಯೂಸಿಕ್ ಚಾರ್ಟಿನಿಂದ ಜಾಹೀರಾತಿನ ವ್ಯೂಸ್ ತೆಗೆದುಹಾಕಿತು. ಆದರೆ ನಾನು ನೋಡುತ್ತಿದ್ದದ್ದು ಚಾರ್ಟ್ ಅಲ್ಲ, ವಿಡಿಯೊ ಕೆಳಗಿನ ಅಂಕಿ. ಎಫ್‌ಎಂ ಪಟ್ಟಿ ನೋಡಿ ಕೂಡಿಸಿದ 3 ಹಾಡಿನ ಕಥೆಯೂ ಇದೇ, ಅದನ್ನು ಬಿಡಿ. ಕೊನೆಗೆ ವಾಟ್ಸ್ಆ್ಯಪ್‌ನಲ್ಲಿ ವೋಟಿಂಗ್ ಇಟ್ಟೆ. ಒಬ್ಬ ಹೀರೊನ ಅಭಿಮಾನಿ ಸಂಘದ ಹುಡುಗರಿಗೆ ಗೊತ್ತಾಗಿ ಒಂದೇ ರಾತ್ರಿ ಸುಮಾರು 400 ವೋಟು ಬಂತು. ಹಾಡನ್ನು ಅವರಲ್ಲೇ ಅರ್ಧ ಜನ ಕೇಳಿರಲಿಲ್ಲ.

ಹಠ ಬಂತು. ಈ ಪಟ್ಟಿಗಳನ್ನು ಲೋಕದಲ್ಲಿ ಹೇಗೆ ಮಾಡುತ್ತಾರೆ ಅಂತ ಮಳೆಗಾಲ ಪೂರ್ತಿ ಓದಿದೆ. ಇಂಗ್ಲೆಂಡಿನ ಮೊದಲ ಸಿಂಗಲ್ಸ್ ಚಾರ್ಟ್, ಅಂದರೆ ಬಿಡಿ ಹಾಡುಗಳ ಪಟ್ಟಿ, ಬಂದದ್ದು 1952ರ ನವೆಂಬರ್ 14ರಂದು, ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಅನ್ನುವ ವಾರಪತ್ರಿಕೆಯಲ್ಲಿ. ಪರ್ಸಿ ಡಿಕಿನ್ಸ್ ಅನ್ನುವವರು 20ರಷ್ಟು ರೆಕಾರ್ಡ್ ಅಂಗಡಿಗಳಿಗೆ ಫೋನ್ ಹಚ್ಚಿ, ಯಾವುದು ಜಾಸ್ತಿ ಮಾರಿತು ಅಂತ ಕೇಳಿ ಬರೆದುಕೊಂಡರು. ಅಷ್ಟೇ. ಅದೇ ವರ್ಷ ಡಿಸೆಂಬರಿನಲ್ಲಿ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಅನ್ನುವ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಶುರುವಾಯಿತು. ನಮ್ಮ ಅಪ್ಪ ಬುಧವಾರ ರಾತ್ರಿ ಹೊಲದಿಂದ ಬೇಗ ಬರುತ್ತಿದ್ದದ್ದು ಇದಕ್ಕೇ ಅಂತ ಅವ್ವ ಈಗಲೂ ಹೇಳುತ್ತಾಳೆ. ಗೀತಮಾಲಾದವರೂ ಹಾಡಿನ ಸ್ಥಾನ ಹೇಳಲು ರೆಕಾರ್ಡ್ ಅಂಗಡಿಗಳ ಮಾರಾಟ ನೋಡುತ್ತಿದ್ದರು, ಜೊತೆಗೆ ಕೇಳುಗರ ಸಂಘಗಳ ಪತ್ರಗಳನ್ನೂ ಸೇರಿಸುತ್ತಿದ್ದರು.

ಅಲ್ಲಿ ನನಗೆ ತಲೆಗೆ ಹೊಳೆದದ್ದು ಇದು. ನಮ್ಮೂರಲ್ಲಿ ರೆಕಾರ್ಡ್ ಅಂಗಡಿ ಇಲ್ಲ. ಆದರೆ ಬಸ್ ಸ್ಟ್ಯಾಂಡ್ ಎದುರು ಪೆನ್‌ಡ್ರೈವಿಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿ ಇದೆ. ಕಾಪಿರೈಟ್ ಮಾತು ಬೇರೆ, ಅದನ್ನು ನಾನು ಸಮರ್ಥಿಸಲ್ಲ. ಆದರೆ ಡ್ರೈವರ್ ಹುಡುಗ ಕೈಯಿಂದ 100 ರೂಪಾಯಿ ಕೊಟ್ಟು, ಹೆಸರು ಹೇಳಿ ಹಾಕಿಸಿಕೊಂಡ ಹಾಡಿಗೆ ಬೆಲೆ ಇದೆ ಅಲ್ವಾ. ಅಂಗಡಿಯವನಿಗೆ ದಿನಾ ಎರಡು ಚಹಾ ಕುಡಿಸಿ ಒಂದು ನೋಟ್‌ಬುಕ್ ಇಟ್ಟೆ. ಅವನು ಮೊದಲ ವಾರ ತನಗೆ ಇಷ್ಟವಾದ ಹಾಡುಗಳನ್ನೇ ಬರೆದಿಟ್ಟ. ಆಮೇಲೆ ನಾನು ಕೇಳುವ ಪ್ರಶ್ನೆ ಬದಲಿಸಿದೆ. ಏನು ಕೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದೊಂದು ನನ್ನ ಹತ್ತಿರವೇ ಇರಲಿ.

ಟ್ರ್ಯಾಕ್ಟರ್ ಐಡಿಯಾ ಬಂದದ್ದು ಅಲ್ಲಿಂದಲೇ. ಈ ಪೆನ್‌ಡ್ರೈವ್‌ಗಳೆಲ್ಲ ಎಲ್ಲಿ ಹೋಗುತ್ತವೆ? ಕಬ್ಬಿನ ಗಾಡಿಗಳಿಗೆ. ನಮ್ಮ ಕಡೆ ಹಂಗಾಮು ದೀಪಾವಳಿ ಹೊತ್ತಿಗೆ ಶುರುವಾದರೆ ಮಾರ್ಚ್ ತನಕ ನಡೆಯುತ್ತದೆ. ಕಾರ್ಖಾನೆ ಮುಂದೆ ತೂಕಕ್ಕೆ ಕಾಯುವ ಟ್ರ್ಯಾಕ್ಟರ್ ಒಮ್ಮೊಮ್ಮೆ 200 ದಾಟುತ್ತವೆ. ಒಂದೊಂದರ ಮೇಲೂ ನಮ್ಮ ಸ್ಟೇಜಿಗೆ ನಾಚಿಕೆಯಾಗುವಂಥ ಸ್ಪೀಕರ್. ಜಾತ್ರೆಗಳು ಜೋರಾಗುವುದು ಜನವರಿಯಿಂದ. ಅಂದರೆ ಇಲ್ಲಿ ನವೆಂಬರಿನಲ್ಲಿ ಮೊಳಗುವ ಹಾಡನ್ನು ಅದೇ ಹುಡುಗರು ಫೆಬ್ರುವರಿಯಲ್ಲಿ ನಮ್ಮ ಸ್ಟೇಜ್ ಮುಂದೆ ನಿಂತು ಕೇಳುತ್ತಾರೆ. ಪ್ರಾಕ್ಟೀಸಿಗೆ ಎರಡು ತಿಂಗಳು ಸಿಗುತ್ತದೆ. ಇದಕ್ಕಿಂತ ಇನ್ನೇನು ಬೇಕು.

ಆದರೆ ಮೊದಲ ವರ್ಷ ಇಲ್ಲೂ ಹಳ್ಳಕ್ಕೆ ಬಿದ್ದೆ. ಬೆಳಗ್ಗೆ ಒಂದು, ಸಂಜೆ ಒಂದು ಸುತ್ತು ಹಾಕಿ, ಕೇಳಿಸಿದ ಹಾಡಿಗೆ ಗೆರೆ ಹಾಕುತ್ತಿದ್ದೆ. ಒಂದು ಜಾನಪದ ಹಾಡು ಎರಡನೇ ವಾರಕ್ಕೆ ನಂಬರ್ ಒನ್. 4,000 ಹಾಕಿ ಕೂಡಿಸಿದೆ. ಜಾತ್ರೆಯಲ್ಲಿ ತಣ್ಣಗೆ ಬಿತ್ತು. ವಿಚಾರಿಸಿದರೆ, ಒಂದೇ ಊರಿನ 18 ಗಾಡಿಗೆ ಒಂದೇ ಪೆನ್‌ಡ್ರೈವಿನ ಕಾಪಿ. ಅವರ ಮುಕಾದಮನ (ಕಬ್ಬಿನ ಗ್ಯಾಂಗಿನ ಮುಂದಾಳಿನ) ತಮ್ಮ ಹಾಡಿದ ಹಾಡಂತೆ ಅದು! ಇಂಗ್ಲೆಂಡಿನಲ್ಲೂ 2017ರಲ್ಲಿ ಹೀಗೇ ಒಂದು ಗೊಂದಲ ಆಗಿತ್ತು. ಎಡ್ ಶೀರನ್ ಅನ್ನುವ ಗಾಯಕ ಒಬ್ಬನದೇ 16 ಹಾಡು ಟಾಪ್ 20ರೊಳಗೆ ಬಂದು ಕೂತವು. ಒಬ್ಬ ಕಲಾವಿದನಿಗೆ 3 ಹಾಡು ಮಾತ್ರ ಅಂತ ಚಾರ್ಟಿನವರು ನಿಯಮ ತಂದರು. ನಾನು ಅದನ್ನು ತಿರುಗಿಸಿ, ಒಂದು ಊರಿಗೆ ದಿನಕ್ಕೆ 2 ಗೆರೆ ಮಾತ್ರ ಅಂತ ಮಾಡಿಕೊಂಡೆ. ಟ್ರೇಲರ್ ಹಿಂದೆ ಊರ ಹೆಸರೋ ದೇವರ ಹೆಸರೋ ಬರೆದಿರುತ್ತದೆ, ಗೊತ್ತಾಗುತ್ತದೆ.

ಇನ್ನೊಂದು ಹಳ್ಳ ಇದಕ್ಕಿಂತ ಆಳ. ಟ್ರ್ಯಾಕ್ಟರಿನ ಈ ಟೇಪುಗಳು, ಅಂದರೆ ಪೆನ್‌ಡ್ರೈವ್ ಹಚ್ಚುವ ಪ್ಲೇಯರ್‌ಗಳು, ಫೋಲ್ಡರಿನ ಕ್ರಮದಲ್ಲೇ ಹಾಡುತ್ತವೆ. ಎಂಜಿನ್ ಆಫ್ ಮಾಡಿ ಮತ್ತೆ ಹಚ್ಚಿದರೆ ಕೆಲವು ಮೊದಲಿಂದ ಶುರು. ಹಾಗಾಗಿ ನನಗೆ ಬೆಳಗ್ಗೆ ಸಿಗುತ್ತಿದ್ದದ್ದು ಜನರ ಇಷ್ಟದ ಹಾಡಲ್ಲ, ಫೈಲಿನ ಹೆಸರು ಎ ಅಕ್ಷರದಿಂದ ಶುರುವಾಗುವ ಹಾಡು. ಇದು ಗೊತ್ತಾಗಲು ನನಗೆ 5 ವಾರ ಹಿಡಿಯಿತು ಅಂತ ಹೇಳಲು ನಾಚಿಕೆ. ಪರಿಹಾರ ಡ್ರೈವರ್ ಹೆಬ್ಬೆರಳಲ್ಲಿತ್ತು. ಬೇಡದ ಹಾಡನ್ನು ಅವನು ದಾಟಿಸುತ್ತಾನೆ. ಸ್ಟ್ರೀಮಿಂಗ್ ಕಂಪನಿಗಳು 30 ಸೆಕೆಂಡ್ ಓಡಿದರೆ ಒಂದು ಕೇಳುವಿಕೆ ಅಂತ ಲೆಕ್ಕ ಹಿಡಿಯುತ್ತವೆ. ನನಗೆ ಅದು ಒಗ್ಗಲಿಲ್ಲ. ನಮ್ಮ ಹಾಡುಗಳಲ್ಲಿ 30 ಸೆಕೆಂಡ್ ಬರೀ ಮ್ಯೂಸಿಕ್ಕೇ ಇರುತ್ತದೆ. ಎರಡನೇ ಚರಣಕ್ಕೆ ಬಂದ ಹಾಡಿಗೆ ಮಾತ್ರ ಗೆರೆ ಅಂತ ಮಾಡಿದೆ. ಹಿಂದಕ್ಕೆ ಒತ್ತಿ ಮತ್ತೆ ಮೊದಲಿಂದ ಹಚ್ಚಿದರೆ 3 ಗೆರೆ. ಪಟ್ಟಿಯ ಮುಖವೇ ಬದಲಾಯಿತು. 200 ಗಾಡಿ ಸುತ್ತಿದರೂ ದಿನಕ್ಕೆ 30-35 ಗೆರೆ ಸಿಕ್ಕರೆ ಹೆಚ್ಚು, ಆದರೆ ಒಂದೊಂದೂ ಗಟ್ಟಿ.

ಅಂಗಡಿ, ಟ್ರ್ಯಾಕ್ಟರ್ ಆದ ಮೇಲೆ ಮೂರನೆಯ ಲೆಕ್ಕ, ಈ ಹಾಡು ಹಾಡಿ ಅಂತ ಜಾತ್ರೆಯಲ್ಲಿ ಬರುವ ಚೀಟಿ. ಇದು ಎಲ್ಲರೂ ಇಡುತ್ತಾರೆ, ಎಣಿಸುವವರು ಕಡಿಮೆ. ದುಡ್ಡು ಸುತ್ತಿ ಕೊಟ್ಟ ಚೀಟಿ, ಬರೀ ಚೀಟಿ, ಕೂಗಿ ಕೇಳಿದ್ದು, ಮೂರನ್ನೂ ಬೇರೆ ಬೇರೆ ಬರೆಯಿರಿ. ಬಹುಮಾನ ಕೊಟ್ಟವನ ಹಾಡು ಅವನೊಬ್ಬನದು. ಕೂಗಿದ್ದು ಊರಿನದು. ಅಂಗಡಿ, ಟ್ರ್ಯಾಕ್ಟರ್, ಚೀಟಿ ಈ ಮೂರು ಲೆಕ್ಕವನ್ನೂ ಕೂಡಿಸುವಾಗ ಯಾವುದಕ್ಕೆ ಎಷ್ಟು ಪಾಲು ಅನ್ನುವುದನ್ನೂ ನಾನು ಹೇಳಲ್ಲ. ನೀವೇ ಒಂದು ಸೀಸನ್ ಎಣಿಸಿದರೆ ನಿಮ್ಮ ಸೀಮೆಯ ಪಾಲು ನಿಮಗೇ ಸಿಗುತ್ತದೆ. ನನ್ನದು ಕೃಷ್ಣಾ ದಾಟಿದರೆ ಕೆಲಸ ಮಾಡಲ್ಲ, ವಿಜಯಪುರ ಕಡೆ ಎರಡು ಪ್ರೋಗ್ರಾಂನಲ್ಲಿ ನೋಡಿದ್ದೇನೆ.

ಹಳೆ ಹಾಡುಗಳದ್ದು ದೊಡ್ಡ ತಲೆನೋವು. ಕೆಲವು ಹಾಡು ಪಟ್ಟಿಯಿಂದ ಇಳಿಯುವುದೇ ಇಲ್ಲ. ಗೀತಮಾಲಾದಲ್ಲಿ ಬಹಳ ವಾರ ಓಡಿದ ಹಾಡಿಗೆ 'ಸರ್‌ತಾಜ್' ಅಂತ ಮರ್ಯಾದೆ ಕೊಟ್ಟು ಇಳಿಸಿಬಿಡುತ್ತಿದ್ದರು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಡಿನ ಪಟ್ಟಿ ಹಾಟ್ 100ರಲ್ಲಿ 20 ವಾರ ಆದ ಮೇಲೆ 50ರ ಕೆಳಗೆ ಬಿದ್ದ ಹಾಡನ್ನು ತೆಗೆಯುವ ನಿಯಮ ಬಹಳ ವರ್ಷ ಇತ್ತು. ಇಂಗ್ಲೆಂಡಿನವರು 2017ರಿಂದ, ಹಳೆಯದಾಗಿ ಇಳಿಯುತ್ತಿರುವ ಹಾಡಿನ ಸ್ಟ್ರೀಮಿಗೆ ಅರ್ಧ ಬೆಲೆ ಕಟ್ಟುತ್ತಾರೆ. ನಾನು ಗೀತಮಾಲಾ ದಾರಿ ಹಿಡಿದೆ. ಎರಡು ಸೀಸನ್ ನಿಂತ ಹಾಡು ನನ್ನ 'ಖಾಯಂ' ಪುಟಕ್ಕೆ ಹೋಗುತ್ತದೆ. ಅದು ಹೇಗೂ ನಮಗೆ ಬರುತ್ತದೆ, ಅದರ ಮೇಲೆ ಖರ್ಚಿಲ್ಲ. ಪಟ್ಟಿ ಇರುವುದು ಖರ್ಚು ಎಲ್ಲಿ ಮಾಡಬೇಕು ಅಂತ ತಿಳಿಯಲು.

ರಾಜ್ಯೋತ್ಸವದ ಹಾಡುಗಳನ್ನೂ ಹೊರಗಿಟ್ಟೆ. 'ಆಕಸ್ಮಿಕ' ಬಂದದ್ದು 1993ರಲ್ಲಿ. ಅದರಲ್ಲಿನ ಅಣ್ಣಾವ್ರ 'ಹುಟ್ಟಿದರೆ ಕನ್ನಡ ನಾಡಲ್ಲಿ' ಪ್ರತಿ ನವೆಂಬರಿನಲ್ಲಿ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತಿತ್ತು. ಅಮೆರಿಕದ ಗಾಯಕಿ ಮರಾಯಾ ಕ್ಯಾರಿ 1994ರಲ್ಲಿ ಹಾಡಿದ ಕ್ರಿಸ್‌ಮಸ್ ಹಾಡು 25 ವರ್ಷ ಬಿಟ್ಟು 2019ರ ಡಿಸೆಂಬರಿನಲ್ಲಿ ಹಾಟ್ 100ರ ಒಂದನೇ ಸ್ಥಾನ ಹತ್ತಿತ್ತು. ಅವರು ಹತ್ತಲು ಬಿಟ್ಟರು. ನಾನು ಬಿಡಲ್ಲ, ನನಗೆ ಜನವರಿ ಮುಖ್ಯ.

ಸುಮ್ನೆ ಒಂದು ಪ್ರಯೋಗ ಅಂತ ಶಾಲೆಗಳ ಗ್ಯಾದರಿಂಗ್ (ವಾರ್ಷಿಕೋತ್ಸವ) ಹಾಡುಗಳನ್ನೂ ಒಂದು ವರ್ಷ ಬರೆದೆ. ಮಕ್ಕಳ ಡ್ಯಾನ್ಸಿಗೆ ಮಾಸ್ತರು, ಟೀಚರುಗಳು ಆರಿಸುವ ಹಾಡು ಒಂದು ವರ್ಷ ಹಿಂದಿರುತ್ತದೆ. ಕೆಲಸಕ್ಕೆ ಬರಲಿಲ್ಲ, ಆದರೆ ಐದಾರು ಶಾಲೆಯ ಸೌಂಡ್ ಆರ್ಡರ್ ಸಿಕ್ಕಿತು. ಹಾಡು ಗುರುತಿಸುವ ಆ್ಯಪ್ ಹಿಡಿದು ಯಾರ್ಡ್ ಸುತ್ತಿದ್ದೂ ಆಯಿತು. ಸಿನಿಮಾ ಹಾಡಾದರೆ ಥಟ್ಟಂತ ಹೇಳುತ್ತಿತ್ತು. ಊರ ಹುಡುಗರ ಜಾನಪದ ಹಾಡಿಗೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಪಟ್ಟಿಯಲ್ಲಿ ಅಂಥವೇ ಅರ್ಧಕ್ಕಿಂತ ಜಾಸ್ತಿ.

ನಕ್ಕವರು ಎಡವಿದ್ದೂ ಇಲ್ಲೇ. "ಟ್ರ್ಯಾಕ್ಟರ್ ಹಾಡು ಸ್ಟೇಜಿಗೆ ತಂದರೆ ನಮ್ಮ ಕಿಮ್ಮತ್ತು ಏನಾಗಬೇಕು" ಅನ್ನುತ್ತಿದ್ದರು. ಅಮೆರಿಕದಲ್ಲಿ 1991ರ ತನಕ ಆಲ್ಬಂ ಪಟ್ಟಿ ಅಂದರೆ ಅಂಗಡಿಯವರ ಬಾಯಿಮಾತು. ಆ ವರ್ಷ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ಬಾರ್‌ಕೋಡ್ ಲೆಕ್ಕಕ್ಕೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಗಾರ್ತ್ ಬ್ರೂಕ್ಸ್ ಅನ್ನುವ ಕಂಟ್ರಿ ಗಾಯಕನ ಆಲ್ಬಂ ನೇರ ಒಂದನೇ ಸ್ಥಾನಕ್ಕೇ ಬಂದು ಕೂತಿತು. ಕಂಟ್ರಿ ಅಂದರೆ ಅವರ ಟ್ರ್ಯಾಕ್ಟರ್ ಹಾಡು ಅಂತಲೇ ಇಟ್ಟುಕೊಳ್ಳಿ. ಕೇಳುವವರು ಮೊದಲೂ ಇದ್ದರು, ಎಣಿಸುವವರು ಇರಲಿಲ್ಲ.

ಸುದ್ದಿ ಹರಡಿದ ಮೇಲೆ ಒಬ್ಬ ಹಾಡುಗಾರ ಮನೆಗೇ ಬಂದ. ತನ್ನ ಹಾಡು ನನ್ನ ಪಟ್ಟಿಯಲ್ಲಿ 5ರೊಳಗೆ ಬಂದರೆ ನಾಲ್ಕು ತಂಡದವರಿಗೆ ತೋರಿಸಬಹುದು ಅಂತ 2,000 ಮತ್ತು ಒಂದು ಬಾಕ್ಸ್ ಅಮೀನಗಡ ಕರದಂಟು ತಂದಿದ್ದ. ದುಡ್ಡು ವಾಪಸ್ ಕೊಟ್ಟೆ. ಕರದಂಟು ಅಷ್ಟರಲ್ಲಿ ಮಕ್ಕಳು ಬಿಚ್ಚಿಬಿಟ್ಟಿದ್ದರು. ಅವನ ಹಾಡು 17ರಲ್ಲಿತ್ತು, 17ರಲ್ಲೇ ಉಳಿಯಿತು.

ಈಗ ನಮ್ಮ ರೇಟು 70,000. ಹೋದ ಸೀಸನ್ 37 ಪ್ರೋಗ್ರಾಂ ಆದವು, ಮೊದಲು 22ರ ಆಸುಪಾಸಿನಲ್ಲಿತ್ತು. ಹೊಸ ಹಾಡಿನ ಖರ್ಚಿನಲ್ಲಿ ನೀರಿಗೆ ಹೋದದ್ದು 8,000 ಮಾತ್ರ. ಕಬ್ಬು ತೂಗುವ ಮಾತಾಡಿದವರು ಸಂಕ್ರಾಂತಿ ಮುಂದೆ ಫೋನ್ ಮಾಡಿ "ಏನ್ರೀ ಅಣ್ಣಾರ, ಈ ಸಲ ಯಾವುದು ಓಡ್ತೈತಿ" ಅಂದರು. 10 ಹೇಳಿದೆ. ಮೇಲಿನ 2 ಬಿಟ್ಟು.

ಈ ಹಂಗಾಮಿನಲ್ಲಿ ಹೊಸ ತಲೆನೋವು ಬಂದಿದೆ. ಹುಡುಗರು ಪೆನ್‌ಡ್ರೈವ್ ಬಿಟ್ಟು ಮೊಬೈಲಿನ ಬ್ಲೂಟೂತ್ ಹಚ್ಚುತ್ತಿದ್ದಾರೆ. ಫೋನ್ ಬಂದರೆ ಹಾಡು ನಡುವೆಯೇ ನಿಲ್ಲುತ್ತದೆ. ಎರಡನೇ ಚರಣದ ಲೆಕ್ಕ ಕೆಡುತ್ತಿದೆ. ಬಸ್ ಸ್ಟ್ಯಾಂಡ್ ಅಂಗಡಿಯವನ ವ್ಯಾಪಾರವೂ ಅರ್ಧಕ್ಕೆ ಇಳಿದಿದೆ, ಅವನು ಈಗ ಕವರ್, ಚಾರ್ಜರ್ ಮಾರುತ್ತಾನೆ. ಮಾತು ಮುಗಿಸಿ ಹುಡುಗ ಅದೇ ಹಾಡಿಗೆ ವಾಪಸ್ ಬರುತ್ತಾನೋ, ಮುಂದಿನದಕ್ಕೆ ಹೋಗುತ್ತಾನೋ ಅಂತ ನಿಂತು ನೋಡುತ್ತಿದ್ದೇನೆ. ಮೂರು ವಾರದ ಗೆರೆ ಆಗಿದೆ. ಸೋಮವಾರ ಕಾರ್ಖಾನೆಗೆ ರಜೆ, ಅವತ್ತು ಕೂತು ಕೂಡಿಸಬೇಕು.