ಹಳ್ಳದ ನೀರು ಅಳೆಯಲು ಒಂದು ತಗಡು

ನಮ್ಮ ಕಾಫಿ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿದೆ. ನಡುವೆ ಹರಿಯುವ ಹಳ್ಳ ಮುಂದೆ ಹೇಮಾವತಿ ಸೇರುತ್ತೆ. ಕರೆಂಟಿನ ಕಾಟಕ್ಕೆ ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿಂದ ಮನೆಮಟ್ಟಿಗೆ ಕರೆಂಟು ಮಾಡೋ ಪುಟ್ಟ ಟರ್ಬೈನು, ಹಾಕಿಸೋಣ ಅಂತ ಒಬ್ಬನನ್ನು ಕರೆಸಿದೆ. ಅವನು ಒಣ ಎಲೆಯೊಂದನ್ನು ತೇಲಿಬಿಟ್ಟು, ವಾಚು ನೋಡಿ, ‘ಸೆಕೆಂಡಿಗೆ 15 ಲೀಟರ್ ಇದೆ ಸಾರ್, ಬೇಸಿಗೇಲೂ ಮೋಸ ಇಲ್ಲ’ ಅಂದ. ಆಗ ನವೆಂಬರ್. ಪೈಪಿಗೇ ಹತ್ತಿರ ಹತ್ತಿರ 40 ಸಾವಿರ ಸುರಿದೆ. ಫೆಬ್ರವರಿಗೆ ಬಲ್ಬು ಬೀಡಿ ಕೆಂಡದ ಹಾಗಾಯ್ತು.

ಆಮೇಲೆ ನೀರು ಅಳೆಯಲು ನಾನೇ 90 ಡಿಗ್ರಿ ವಿ-ನಾಚ್ ಕೂರಿಸಲು ಹೊರಟೆ. ಹಳ್ಳಕ್ಕೆ ಅಡ್ಡ ನಿಲ್ಲಿಸಿದ ತಡೆಯಲ್ಲಿ V ಆಕಾರದ ಕಂಡಿ ಅದು; ಕಂಡಿಯ ಕೆಳತುದಿಯಿಂದ ನೀರು ಎಷ್ಟು ಎತ್ತರ ಇದೆ ಅಂತ ನೋಡಿ ಹರಿವು ಲೆಕ್ಕ ಹಾಕೋದು. ಮೇಲ್ತೋಟದ ಗೌಡ್ರು ದಂಡೆ ಮೇಲೆ ನಿಂತು ನಕ್ಕರು: ‘ಏನಪ್ಪ, ಹಳ್ಳದ ನೀರನ್ನೂ ಸೇರಲ್ಲಿ ಅಳೀತೀಯ?’

ಮೊದಲು ಹಲಗೆಯಲ್ಲಿ ಮಾಡಿದೆ. ವಾರಕ್ಕೆ ಹಲಗೆ ಉಬ್ಬಿತು, ನೀರು ಅಡಿಯಿಂದಲೇ ನುಸುಳಿತು. ಕೂಲಿ ಸೇರಿ ಮೂರೂವರೆ ಸಾವಿರ ದಂಡ. ಎರಡನೇ ಸಲ ಕಬ್ಬಿಣದ ತಗಡು. ವೆಲ್ಡಿಂಗ್ ಶಾಪಿನಲ್ಲಿ ಕತ್ತರಿಸಿ, ಕೆಳಹರಿವಿನ ಕಡೆಗೆ ಅಂಚು ಇಳಿಜಾರಾಗಿ ಉಜ್ಜಿಸಿದೆ. ಸಿಮೆಂಟೂ ಸೇರಿ ಐದು ಸಾವಿರದೊಳಗೆ ಮುಗೀತು. ಆದರೆ ಸ್ಕೇಲನ್ನು ನಾಚಿನ ಬಾಯಲ್ಲೇ ಅಂಟಿಸಿದ್ದೆ, ಪೆದ್ದ! ಅಲ್ಲಿ 9 ಸೆಂ.ಮೀ. ತೋರಿಸಿತು, ಲೆಕ್ಕಕ್ಕೆ ಸೆಕೆಂಡಿಗೆ 3.4 ಲೀಟರ್ ಬಂತು. ಅನುಮಾನ ಬಂದು, ತಗಡಿನ ದೋಣಿ ಕೊಟ್ಟು 200 ಲೀಟರ್ ಡ್ರಮ್ಮಿಗೆ ನೀರು ಬಿಟ್ಟೆ. 45 ಸೆಕೆಂಡಿಗೆ ತುಂಬಿತು, ಅಂದರೆ 4.4 ಲೀಟರ್. ಬಾಯ ಹತ್ತಿರ ನೀರು ಬಗ್ಗಿ ಇಳಿಯೋದು ನೆನಪೇ ಇರಲಿಲ್ಲ. ಸ್ಕೇಲನ್ನು ಮೂರಡಿ ಮೇಲ್ಹರಿವಿನ ಕಡೆ ನಿಂತ ನೀರಲ್ಲಿ ನೆಟ್ಟು, ಅದರ ಸೊನ್ನೆಯನ್ನು ನಾಚಿನ ಕೆಳತುದಿಗೆ ಲೆವೆಲ್ ಪೈಪಿನಲ್ಲಿ ಸರಿಮಾಡಿದ ಮೇಲೆ 10 ಸೆಂ.ಮೀ. ಬಂತು. ಡ್ರಮ್ಮಿಗೂ ಲೆಕ್ಕಕ್ಕೂ ತಾಳೆಯಾಯ್ತು. ಒಂದೇ ಸೆಂಟಿಮೀಟರಿಗೆ ಕಾಲು ಭಾಗ ನೀರು ಹೆಚ್ಚುಕಮ್ಮಿ!

ನನ್ನ ಲೆಕ್ಕ ಸುಲಭ: ಎತ್ತರ ಸೆಂಟಿಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಎತ್ತರದ ವರ್ಗಮೂಲದಿಂದ, ಕೊನೆಗೆ 0.0138ರಿಂದ. ಬರೋದು ಸೆಕೆಂಡಿಗೆ ಲೀಟರ್. ಐದು ಸೆಂ.ಮೀ.ಗಿಂತ ಕೆಳಗೆ ನಾನು ನಂಬಲ್ಲ. ನೀರು ಹಾರಿ ಬೀಳದೆ ತಗಡಿಗೇ ಅಂಟಿ ಇಳಿಯುತ್ತೆ. ನಡುವೆ ಆಯತದ ನಾಚೂ ಕತ್ತರಿಸಿ ನೋಡಿದೆ. ಮಳೆಗಾಲದ ನೀರಿಗೆ ಅದೇ ಸರಿ, ಬೇಸಿಗೆಯಲ್ಲಿ ಬರೀ ಪೊರೆ ಹರಿಯುತ್ತೆ.

ಸಿಮೆಂಟಿಗಿಂತ ಹೆಚ್ಚು ಸತಾಯಿಸಿದ್ದು ಏಡಿ. ದಂಡೆ ಕೊರೆದು ರಾತ್ರೋರಾತ್ರಿ ನೀರು ಪಕ್ಕಕ್ಕೆ ತಿರುಗಿಸುತ್ತಿದ್ದವು. ಅದಕ್ಕೆ ಕೊನೆಗೊಂದು ಮದ್ದು ಕಂಡುಕೊಂಡೆ, ಇಲ್ಲಿ ಬರೆಯಲ್ಲ.

ಮಾರ್ಚಿನಲ್ಲಿ ದಿನಕ್ಕೆ ಎರಡು ಸಲ ಸ್ಕೇಲು ನೋಡಿ ಪುಸ್ತಕಕ್ಕೆ ಬರೆದೆ. ಬೆಳಗ್ಗೆ ಆರಕ್ಕೆ 9, ಹತ್ತು ಗಂಟೆಗೆ 7. ಬಿಸಿಲಿಗೆ ಅಷ್ಟು ಬೇಗ ಇಳಿಯುತ್ತಾ? ಹಳ್ಳದ ಗುಂಟ ಮೇಲೆ ನಡೆದೆ. ಕಾಫಿ ಹೂವಿಗೆ ಗೌಡ್ರ ಸ್ಪ್ರಿಂಕ್ಲರ್ ಗಿರ್ರನೆ ತಿರುಗುತ್ತಿತ್ತು. ಪುಸ್ತಕ ತೋರಿಸಿದೆ, ಅವರೇ ಬಂದು ಸ್ಕೇಲು ನೋಡಿದರು. ಈಗ ಹಗಲು ಅವರ ಮೋಟರು, ರಾತ್ರಿ ನನ್ನ ಟರ್ಬೈನು. 3 ಲೀಟರಿಗೆ ತಕ್ಕಂತೆ ಟರ್ಬೈನಿಗೆ ನೀರು ಚಿಮ್ಮಿಸೋ ಸಣ್ಣ ನಾಸಲ್ ಹಾಕಿ, 25 ಮೀಟರ್ ಇಳಿಜಾರಿನಲ್ಲಿ 300 ವಾಟಿನ ಮೇಲೇ ಬರ್ತಿದೆ.

ಗೌಡ್ರು ಮೊನ್ನೆ ಅವರ ಇನ್ನೊಂದು ಹಳ್ಳಕ್ಕೂ ತಗಡಿನ ಅಳತೆ ಕೇಳಿದರು. ಅಳತೆ ಕೊಟ್ಟೆ. ಏಡಿ ಮದ್ದು ಕೊಟ್ಟಿಲ್ಲ.