ವಾಷಿಂಗ್ ಮೆಷಿನ್‌ಗೆ ನೀರು ಬರುವ ದಾರಿ, ಹೋಗುವ ದಾರಿ

ಮೆಷಿನ್ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಅದರ ಹಿಂದಿರುವ ಎರಡು ಪೈಪ್ ನೋಡಿ. ಒಂದು ನೀರು ತರುತ್ತದೆ, ಇನ್ನೊಂದು ಕೊಳೆ ನೀರು ಹೊರಗೆ ಹಾಕುತ್ತದೆ. ತಂಟೆ ಎಷ್ಟೋ ಸಲ ಅಲ್ಲೇ ಇರುತ್ತದೆ.

ನಮ್ಮ ಫ್ರಂಟ್ ಲೋಡ್ ಮೆಷಿನ್ ಒಮ್ಮೆ ಮುಕ್ಕಾಲು ಗಂಟೆ ನೀರು ತುಂಬಿಸುತ್ತಲೇ ಇತ್ತು, ಬಟ್ಟೆ ಮಾತ್ರ ಒಗೆಯಲೇ ಇಲ್ಲ. ವಾಲ್ವ್ ಹೋಯಿತು ಅಂದುಕೊಂಡೆ. ನೋಡಿದರೆ ಡ್ರೈನ್ ಪೈಪಿನ ತುದಿ ಬಚ್ಚಲಿನ ನೆಲದ ಮೇಲೆ ಬಿದ್ದಿತ್ತು, ತುಂಬಿದಷ್ಟೂ ನೀರು ಇಳಿಜಾರಿನಲ್ಲಿ ತಾನಾಗೇ ಹರಿದು ಹೋಗುತ್ತಿತ್ತು. ಇದಕ್ಕೆ ಸೈಫನ್ ಅಂತಾರೆ. ಪಂಪ್ ಇರುವ ಮೆಷಿನ್ನಿನಲ್ಲಿ ಆ ಪೈಪ್ ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ಅಲ್ಲಿಂದ ಬಾಗಬೇಕು. ಮೇಲಕ್ಕೆತ್ತಿ ಕಟ್ಟಿದೆ, ಅಷ್ಟೇ, ಸರಿಹೋಯಿತು! ಸೆಮಿ ಆಟೋಮ್ಯಾಟಿಕ್ ಮೆಷಿನ್ ಇರುವವರು ಮಾತ್ರ ಹೀಗೆ ಮಾಡಬೇಡಿ, ಅದರಲ್ಲಿ ನೀರು ತನ್ನ ಭಾರಕ್ಕೇ ಇಳಿಯುವುದರಿಂದ ಪೈಪ್ ಕೆಳಗೇ ಇರಬೇಕು. ಇನ್ನೊಂದು ಮಾತು, ಗೋಡೆಯ ಪೈಪಿನೊಳಗೆ ಡ್ರೈನ್ ಪೈಪ್ ತೂರಿಸಿ ಸುತ್ತ ಸಿಮೆಂಟೋ ಟೇಪೋ ಮೆತ್ತಬೇಡಿ. ಗಾಳಿ ಆಡದಿದ್ದರೆ ಅಲ್ಲೂ ಸೈಫನ್ ಶುರುವಾಗುತ್ತದೆ.

ಈಗ ನೀರು ಬರುವ ಕಡೆ. ತುಂಬಾ ಮೆಷಿನ್‌ಗಳಿಗೆ ಕನಿಷ್ಠ 0.3 ಬಾರ್‌ನಷ್ಟಾದರೂ ಒತ್ತಡ ಬೇಕು, ನಿಮ್ಮದಕ್ಕೆ ಎಷ್ಟು ಅನ್ನೋದು ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಟ್ಯಾಂಕಿನ ನೀರು 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಸಿಗುತ್ತದೆ. ಅಂದರೆ 0.3 ಬಾರ್‌ಗೆ 3 ಮೀಟರ್. ಟ್ಯಾಂಕಿನ ಸರಿಯಾಗಿ ಕೆಳಗಿನ ಮಹಡಿಯಲ್ಲಿ ಇರುವವರಿಗೆ ಇದು ದಕ್ಕುವುದೇ ಕಷ್ಟ, ಅಲ್ವಾ? ಒಳಗಿನ ವಾಲ್ವಿನಲ್ಲಿ ಒಂದು ರಬ್ಬರ್ ಪರದೆ ಇದೆ, ನೀರಿನ ಒತ್ತಡವೇ ಅದನ್ನು ತೆರೆಯುತ್ತದೆ, ಬಿಗಿಯಾಗಿ ಮುಚ್ಚುವುದೂ ಅದೇ. ಹಾಗಾಗಿ ಒತ್ತಡ ತೀರಾ ಕಡಿಮೆಯಾದರೆ ನೀರು ನಿಧಾನ ಬರುವುದಷ್ಟೇ ಅಲ್ಲ, ಮೆಷಿನ್ ಆಫ್ ಇದ್ದಾಗಲೂ ಡ್ರಮ್ಮಿಗೆ ತೊಟ್ಟಿಕ್ಕಬಹುದು. ಇಂಥ ಕಡೆ ಚಿಕ್ಕ ಪ್ರೆಶರ್ ಪಂಪ್ ಹಾಕಿಸುವುದೇ ದಾರಿ.

ನಲ್ಲಿಯಲ್ಲಿ ಜೋರಾಗಿ ಬಂದು ಮೆಷಿನ್‌ಗೆ ಮಾತ್ರ ಬರದಿದ್ದರೆ, ನೀರು ಒಳಗೆ ಹೋಗುವ ಬಾಯಲ್ಲಿರುವ ಜಾಲರಿಯಲ್ಲಿ ಕಸ ಕಟ್ಟಿಕೊಂಡಿರುವುದೇ ಹೆಚ್ಚು. ಪ್ಲಗ್ ತೆಗೆದು, ನಲ್ಲಿ ನಿಲ್ಲಿಸಿ, ಕೆಳಗೊಂದು ಬಕೆಟ್ ಇಟ್ಟು ಮೆಷಿನ್ ಕಡೆಯ ಪೈಪ್ ಬಿಚ್ಚಿ. ಒಳಗೆ ಬೆರಳಿನ ಉಗುರಿನಷ್ಟು ಚಿಕ್ಕ ಜಾಲರಿ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ನಮ್ಮದರಲ್ಲಿ ಮರಳು, ತುಕ್ಕಿನ ಚೂರು ಎಲ್ಲಾ ಇತ್ತು.

ವಾಪಸ್ ಹಾಕುವಾಗ ರಬ್ಬರ್ ವಾಷರ್ ಜಾಗದಲ್ಲಿದೆಯಾ ನೋಡಿ, ನೀರು ತಡೆಯುವುದು ಅದೇ, ಟೆಫ್ಲಾನ್ ಟೇಪ್ ಸುತ್ತುವುದರಿಂದ ಅಲ್ಲಿ ಏನೂ ಉಪಯೋಗವಿಲ್ಲ. ಕೈಯಲ್ಲೇ ತಿರುಗಿಸಿ. ಸ್ಪ್ಯಾನರ್ ಹಾಕಿ ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ಕಿನ ಮರೆ, ಅಂದರೆ ತಿರುಪಿನ ಗೆರೆ, ಹಾಳಾಗುತ್ತದೆ. ಆಮೇಲೆ ನಲ್ಲಿ ತಿರುಗಿಸಿ, ಜೋಡಣೆಯ ಸುತ್ತ ಒಣ ಕಾಗದ ಒತ್ತಿ ನೋಡಿ, ಎಲ್ಲಿ ಒದ್ದೆಯಾಯಿತೋ ಅಲ್ಲಿ ಇನ್ನೊಂದು ಕಾಲು ಸುತ್ತು.