ಸಣ್ಣ ಮೀನಿನ ತೊಟ್ಟಿಯ ಪಾಚಿ: ನಾನು ಹಿಡಿತಕ್ಕೆ ತಂದ ಬಗೆ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಇದೆ. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್. ಗಪ್ಪಿ, ಮೋಲಿ ಸಾಕಿದ್ದೇನೆ. ಇಷ್ಟು ಕಡಿಮೆ ನೀರಿನಲ್ಲಿ ಬೆಳಕು ತುಸು ಹೆಚ್ಚಾದರೂ, ತಿಂಡಿ ಒಂದು ಚಿಟಿಕೆ ಹೆಚ್ಚಾದರೂ ಗಾಜು ಬೇಗ ಹಸಿರಾಗುತ್ತದೆ. ಎಷ್ಟು ಕೆರೆದರೂ ಪಾಚಿಗೆ ಸಿಗುವ ಬೆಳಕು, ಗೊಬ್ಬರ ನಿಲ್ಲದಿದ್ದರೆ ಅದು ಮತ್ತೆ ಬಂದೇ ಬರುತ್ತದೆ.

ತೊಟ್ಟಿಯನ್ನು ಮೂಡಣ ಕಿಟಕಿಯಿಂದ ಒಳಗೋಡೆಗೆ ಸರಿಸಿದೆ. ಲೈಟಿಗೆ ಟೈಮರ್ ಹಾಕಿದ್ದೇನೆ, ಸಂಜೆ 4ರಿಂದ ರಾತ್ರಿ 10ರವರೆಗೆ. ಒಳಗಿನ ಗಿಡಗಳಿಗೆ ಆರು ತಾಸು ಸಾಕು.

ತಿಂಡಿಯದ್ದೇ ಕಷ್ಟ. ಗಪ್ಪಿಗಳು ಯಾರು ಹತ್ತಿರ ಹೋದರೂ ಮೇಲೆ ಬಂದು ಬಾಯಿ ತೆರೆಯುತ್ತವೆ. "ಪಾಪ, ಹಸದಾವ ನೋಡು, ಒಂದೀಟು ಹಾಕು" ಅಂತ ಅವ್ವ. ತಿನ್ನದೆ ಉಳಿದ ಕಾಳು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟು, ತಿಂಡಿಯಲ್ಲಿರುವ ಫಾಸ್ಫೇಟು ಎರಡೂ ಪಾಚಿಗೆ ಒಳ್ಳೆಯ ಗೊಬ್ಬರ. ಹಾಗಾಗಿ ಬೆಳಿಗ್ಗೆಯೇ ಇಡೀ ದಿನದ ತಿಂಡಿಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಡುತ್ತೇನೆ. ಯಾರು ಹಾಕಿದರೂ ಅದರಿಂದಲೇ, ಖಾಲಿಯಾದರೆ ಅವತ್ತಿಗೆ ಮುಗಿಯಿತು. ಒಂದು ಹೊತ್ತಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಅವ್ವ ಸೋಮವಾರ ಒಪ್ಪತ್ತು ಮಾಡುತ್ತಾಳೆ. ಮೀನುಗಳ ಉಪವಾಸವನ್ನೂ ಅಂದೇ ಇಟ್ಟ ಮೇಲೆ ಆಕೆಯೂ ಒಪ್ಪಿಕೊಂಡಳು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ನಳದಲ್ಲಿ ಬರುವ ಮಲಪ್ರಭೆಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಕೆಟ್‌ನಲ್ಲಿ ಒಂದು ದಿನ ಮುಚ್ಚದೆ ಬಿಟ್ಟೇ ಹಾಕುವುದು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ಆ ನೀರನ್ನು ದಾಸವಾಳಕ್ಕೆ ಹಾಕಿ. ತೊಟ್ಟಿಯ ಅಂಚಿಗೆ ಮನಿ ಪ್ಲಾಂಟ್ ಬಳ್ಳಿ ಸಿಗಿಸಿ, ಬೇರು ಮಾತ್ರ ನೀರಿನಲ್ಲಿ ಇಳಿಬಿಟ್ಟಿದ್ದೇನೆ. ಪಾಚಿಗೆ ಸಿಗಬೇಕಾದ ನೈಟ್ರೇಟನ್ನು ಅದು ಹೀರಿಕೊಳ್ಳುತ್ತದೆ.

ಕೆರೆಯುವುದೂ ಬೇಕು. ಹೊಸ ತೊಟ್ಟಿಗೆ ಬರುವ ಕಂದು ಪಾಚಿ ಬೆರಳು ತಾಗಿದರೆ ಧೂಳಿನ ಹಾಗೆ ಏಳುತ್ತದೆ. ಗಾಜಿಗೆ ಅಂಟಿದ ಗಟ್ಟಿ ಹಸಿರು ಚುಕ್ಕೆಗಳಿಗೆ ಹಳೆಯ ಎಟಿಎಂ ಕಾರ್ಡಿನ ಅಂಚು ಬೇಕು. ಹಿಂದಿನ ಗಾಜನ್ನು ಮಾತ್ರ ಮುಟ್ಟುವುದಿಲ್ಲ, ಅದು ಮೋಲಿಗಳ ಮೇವು.

ನೀರೇ ಹಸಿರಾಗಿದ್ದರೆ ಕೆರೆದು ಪ್ರಯೋಜನವಿಲ್ಲ. ಲೈಟ್ ಆರಿಸಿ, ತೊಟ್ಟಿಯ ಸುತ್ತ ದಪ್ಪ ಕೌದಿ ಹೊದಿಸಿ, ಮೂರು-ನಾಲ್ಕು ದಿನ ಕತ್ತಲಲ್ಲಿಡಿ. ಏರ್ ಪಂಪ್ ಓಡುತ್ತಲೇ ಇರಲಿ, ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಕೌದಿ ತೆಗೆದ ಮೇಲೆ ಒಂದಷ್ಟು ನೀರು ಬದಲಿಸಿ. ತಾಮ್ರ ಬೆರೆತ ಪಾಚಿ ಔಷಧಿಗೆ ನಾನು ಕೈ ಹಚ್ಚುವುದಿಲ್ಲ, ಬಸವನಹುಳು, ಸಿಗಡಿಗಳಿಗೆ ಅದು ವಿಷ.

ಪಾಚಿ ತಿನ್ನುತ್ತದೆಂದು ಅಂಗಡಿಯಲ್ಲಿ ಕೊಡುವ ಬೆರಳುದ್ದದ ಸಕ್ಕರ್ ಮೀನನ್ನೂ ತರಬೇಡಿ. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ಅದರ ಹಿಕ್ಕೆಯಿಂದಲೇ ನೀರು ಕೆಡುತ್ತದೆ. ದೊಡ್ಡದಾಯಿತೆಂದು ಕೆಲಗೇರಿ ಕೆರೆಗೋ ಉಣಕಲ್ ಕೆರೆಗೋ ಬಿಡುವುದಂತೂ ಬೇಡವೇ ಬೇಡ. ದಕ್ಷಿಣ ಅಮೆರಿಕದ ಆ ಮೀನು ಕೆರೆಯಲ್ಲಿ ನೆಲೆಯೂರಿದರೆ ನಮ್ಮ ಮೀನುಗಳಿಗೆ ಮೇವು, ಜಾಗ ಎರಡಕ್ಕೂ ಕುತ್ತು.